ದಿನಕ್ಕೆ 22 ಗಂಟೆ ಬಾಯಿ ಕಟ್ಟಿ

ಊರಿನಲ್ಲಿ ಹುಡುಗನಿಗೆ ಏಳು ತುಂಬಿ ಎಂಟಕ್ಕೆ ಬಿತ್ತೆಂದರೆ ಮುಂಜಿಯ ಮಾತೆತ್ತುವ ಮನೆತನ ನಮ್ಮದು. ಕ್ಯಾಲಿಫೋರ್ನಿಯಾದ ಫ್ರಿಮಾಂಟಿನಲ್ಲಿ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಹಲ್ಲು ನೇರ ಮಾಡುವ ಆರ್ಥೊಡಾಂಟಿಸ್ಟರ ಮಾತೆತ್ತುತ್ತಾರೆ. ಏಳರೊಳಗೆ ಒಂದು ಸಲ ತೋರಿಸಿಬಿಡಿ ಎಂದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘವೇ ಸಲಹೆ ಕೊಟ್ಟಿದೆ. ತೋರಿಸಿದ ಮಾತ್ರಕ್ಕೆ ಕ್ಲಿಪ್ಪು ಹಾಕುವುದಿಲ್ಲ. ಸಾಮಾನ್ಯವಾಗಿ ಹಾಲುಹಲ್ಲೆಲ್ಲ ಬೀಳಲಿ ಎಂದು ಕಾಯಿಸುತ್ತಾರೆ. ನಮ್ಮ ಮಗಳಿಗೆ ಹದಿಮೂರಕ್ಕೆ ಮುಹೂರ್ತ ಕೂಡಿಬಂತು.

ಅಂದಾಜು ಖರ್ಚಿನ ಹಾಳೆ ನೋಡಿದ ನಮ್ಮ ಮನೆಯವರು ಅಲ್ಲೇ, ಡಾಕ್ಟರ ಮುಂದೆಯೇ, ಕನ್ನಡಕ್ಕೆ ತಿರುಗಿದರು. "ಇದೇ ದುಡ್ಡಲ್ಲಿ ಬೆಂಗಳೂರಿಗೆ ಹೋಗಿ, ಜಯನಗರದಲ್ಲಿ ಹಾಕಿಸಿಕೊಂಡು, ಎರಡು ಮದುವೆನೂ ಮುಗಿಸ್ಕೊಂಡು ಬರಬಹುದಲ್ಲೇ!" ಹಾಕಿಸಬಹುದು, ಸರಿ. ಆದರೆ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಅದನ್ನು ಬಿಗಿ ಮಾಡಿಸಬೇಕಲ್ಲ? ಎಮಿರೇಟ್ಸಿನವರು ಅದಕ್ಕೆ ಮಾಸಿಕ ಪಾಸು ಕೊಡುವುದಿಲ್ಲ.

"ಎಷ್ಟು ದಿನ?" ಎಂದು ಕೇಳಿದೆ. ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳು ಎಂದರು ಡಾಕ್ಟರು. ಅಷ್ಟಕ್ಕೇ ಸುಮ್ಮನಾಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಅವರ ಕಣ್ಣು ನಮ್ಮ ಮನೆಯವರ ಕೆಳಸಾಲಿನ ಮೇಲೆ ಬಿತ್ತು. ಅಲ್ಲಿ ಹಲ್ಲುಗಳು ಶನಿವಾರದ ಬಿಎಂಟಿಸಿ ಬಸ್ಸಿನಲ್ಲಿ ನಿಂತಂತೆ ಒಂದರ ಹೆಗಲ ಮೇಲೊಂದು ಬಿದ್ದಿದ್ದವು. "ನಿಮ್ಮದನ್ನೂ ಸರಿ ಮಾಡಬಹುದು, ಈಗ ದೊಡ್ಡವರೂ ತುಂಬ ಜನ ಮಾಡಿಸುತ್ತಾರೆ" ಎಂದರು. ಕೋವಿಡ್ ಕಾಲದಿಂದ ದಿನವಿಡೀ ಜೂಮಿನಲ್ಲಿ ತಮ್ಮ ಮುಖವನ್ನೇ ನೋಡಿ ನೋಡಿ ಬೇಜಾರಾಗಿದ್ದ ಮನುಷ್ಯ ಹೂಂ ಅಂದುಬಿಟ್ಟರು. ಮಗಳಿಗೆ ಲೋಹದ ಕ್ಲಿಪ್ಪು. ಆಫೀಸಿನಲ್ಲಿ ಕಾಣಬಾರದೆಂದು ಇವರಿಗೆ ಪಾರದರ್ಶಕ ಅಲೈನರು, ಅಂದರೆ ಹಲ್ಲಿನ ಮೇಲೆ ತೊಟ್ಟು ಒಂದಾದ ಮೇಲೊಂದು ಬದಲಿಸುತ್ತ ಹೋಗುವ ಪ್ಲಾಸ್ಟಿಕ್ಕಿನ ಕವಚ. ವಿಮೆ ಮಾತ್ರ ಹತ್ತೊಂಬತ್ತರ ಒಳಗಿನವರಿಗೇ ಎಂದು ಆಮೇಲೆ ಗೊತ್ತಾಯಿತು.

ಆಗ ಅತ್ತೆ ಇಲ್ಲೇ ಇದ್ದರು. "ಮಗೂಗೆ ಸರಿ. ಇವನಿಗ್ಯಾಕೆ? ಇವನನ್ನ ಮತ್ತೆ ಹೆಣ್ಣು ತೋರಿಸೋಕೆ ಕರ್ಕೊಂಡು ಹೋಗ್ಬೇಕಾ?" ಎಂದರು. ಉಪ್ಪಿಟ್ಟು ಕೆದಕುತ್ತಿದ್ದ ನಾನು ಆ ಮಾತಿಗೆ ಬಾಯಿ ಹಾಕಲಿಲ್ಲ.

ಹಲ್ಲು ಮೂಳೆಯೊಳಗೆ ಮೊಳೆ ಹೊಡೆದ ಹಾಗೆ ಕೂತಿರುವುದಿಲ್ಲ, ನಡುವೆ ತೆಳುವಾದ ನಾರಿನ ಪದರ ಇರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಒಂದು ಕಡೆಯಿಂದ ಒತ್ತಿದರೆ ಆ ಒತ್ತಡಕ್ಕೆ ಮುಂದಿನ ಮೂಳೆ ಕರಗುತ್ತದೆ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಕಟ್ಟುತ್ತದೆ. ಇಷ್ಟೆಲ್ಲ ನಡೆದು ಹಲ್ಲು ಸರಿಯುವುದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರು. ಅವಸರ ಮಾಡಿ ಜೋರಾಗಿ ಒತ್ತಿದರೆ ಬೇರಿಗೇ ಪೆಟ್ಟು. ಬೆಳೆಯುವ ಮಕ್ಕಳ ಮೂಳೆ ಮಾತು ಕೇಳುತ್ತದೆ, ದವಡೆ ಬೆಳೆಯುವಾಗಲೇ ಅದನ್ನೂ ಒಂದಿಷ್ಟು ತಿದ್ದಬಹುದು. ನಲವತ್ತು ದಾಟಿದವರ ದವಡೆ ಬೆಳೆದು ಮುಗಿದಿರುತ್ತದೆ, ಮೂಳೆಯೂ ಗಟ್ಟಿ. ಹಾಗಾಗಿ ದೊಡ್ಡವರಿಗೆ ಕೆಲವು ತಿಂಗಳು ಹೆಚ್ಚೇ ಹಿಡಿಯಬಹುದು, ಕಷ್ಟದ ಬಾಯಾದರೆ ಮೂರು ವರ್ಷವೂ ಆದೀತು. "ದೊಡ್ಡವರಲ್ಲಿ ಒಂದು ಅನುಕೂಲ ಇದೆ, ಹೇಳಿದ ಹಾಗೆ ಕೇಳುತ್ತಾರೆ" ಎಂದೂ ಸೇರಿಸಿದರು. ಪಾಪ, ಅವರು ನಮ್ಮ ಮನೆಯವರನ್ನು ಅವತ್ತಷ್ಟೇ ನೋಡಿದ್ದು.

ಅಲೈನರನ್ನು ದಿನಕ್ಕೆ 22 ಗಂಟೆ ಹಾಕಿಕೊಂಡಿರಬೇಕು. ನೀರು ಬಿಟ್ಟು ಏನೇ ಬಾಯಿಗೆ ಹೋಗುವುದಿದ್ದರೂ ತೆಗೆಯಬೇಕು, ಮತ್ತೆ ಹಾಕಿಕೊಳ್ಳುವ ಮುಂಚೆ ಹಲ್ಲುಜ್ಜಬೇಕು. ಉಳಿದದ್ದು ಎರಡು ಗಂಟೆ. ಗ್ರನೋಲಾ ಬಾರು ಕಚ್ಚಿಕೊಂಡು ಮೀಟಿಂಗಿಗೆ ಓಡುವ ಅಮೆರಿಕನ್ನರಿಗೆ ಅದು ಧಾರಾಳ. ನಮ್ಮಲ್ಲಿ ಎದ್ದ ಕೂಡಲೇ ಕಾಫಿ, ತಿಂಡಿ, ತಿಂಡಿಯ ಮೇಲೆ ಕಾಫಿ, ಹನ್ನೊಂದಕ್ಕೆ ಅರ್ಧ ಲೋಟ, ಊಟ, ನಾಲ್ಕಕ್ಕೆ ಕಾಫಿ, ಜೊತೆಗೆ "ಏನಾದ್ರೂ ಕುರುಕಲು ಇದೆಯೇನೇ?" ಇಷ್ಟಕ್ಕೇ ಎರಡು ಗಂಟೆ ತೀರಿ, ರಾತ್ರಿಯ ಅನ್ನ ಸಾರು ಸಾಲದ ಲೆಕ್ಕಕ್ಕೆ ಬರುತ್ತದೆ. ಕಾಫಿಗೆ ತೆಗೆಯದೆ ಕುಡಿದರೆ ಏನಾಗುತ್ತೆ ಎಂದು ಇವರು ಕೇಳಿದ್ದುಂಟು. ಬಿಸಿಗೆ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ, ಕಂದು ಬಣ್ಣ ಹಿಡಿಯುತ್ತದೆ. ಕಾಣಬಾರದೆಂದು ಸಾವಿರಾರು ಡಾಲರು ತೆತ್ತು ತಂದದ್ದು ಚಿಕ್ಕಮಗಳೂರಿನ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಮಗಳ ತೊಂದರೆಯೂ ಬಣ್ಣದ್ದೇ. ಕ್ಲಿಪ್ಪಿನ ತಂತಿಯನ್ನು ಹಿಡಿದಿಡಲು ಒಂದೊಂದು ಹಲ್ಲಿಗೂ ಸಾಸಿವೆಗಿಂತ ತುಸು ದೊಡ್ಡ ರಬ್ಬರ್ ಉಂಗುರ ತೊಡಿಸುತ್ತಾರೆ. ಬಣ್ಣ ನಾವೇ ಆರಿಸಬಹುದು. ಸ್ಕೂಲಿನ ಫೋಟೋ ಇದೆಯೆಂದು ಇವಳು ಬಣ್ಣವಿಲ್ಲದ್ದನ್ನು ಹಾಕಿಸಿಕೊಂಡಳು. ಅವತ್ತು ರಾತ್ರಿ ಅಜ್ಜಿ ಮಾಡಿದ್ದು ಹುಳಿ. ಬೆಳಗ್ಗೆ ಕನ್ನಡಿಯ ಮುಂದೆ ಬಾಯಿ ತೆರೆದರೆ ಎರಡೂ ಸಾಲು ಅರಿಶಿನದ ಕೊಂಬು! ಉಜ್ಜಿದರೆ ಹೋಗುವಂಥದ್ದಲ್ಲ ಅದು, ಮುಂದಿನ ಸಲ ರಬ್ಬರು ಬದಲಿಸುವವರೆಗೆ ಹಾಗೇ. ಮಗಳು ಅಳುತ್ತಿದ್ದರೆ ಅಜ್ಜಿ, "ಅಳಬೇಡ್ವೇ ಪುಟ್ಟಿ, ಮಂಗಳಕರವಾಗಿದೆ" ಎಂದು ಸಮಾಧಾನ ಮಾಡಿದರು.

ಗಟ್ಟಿಯಾದದ್ದು, ಅಂಟುವಂಥದ್ದು ಬೇಡ ಎಂದು ಕೊಟ್ಟ ಚೀಟಿಯಲ್ಲಿ ಪಾಪ್‌ಕಾರ್ನು, ಐಸು, ಕ್ಯಾರಮೆಲ್ಲು ಎಂದೆಲ್ಲ ಬರೆದಿತ್ತು. ಕೋಡುಬಳೆ ಎಂದು ಬರೆದಿರಲಿಲ್ಲ. ಅತ್ತೆ ಆ ಚೀಟಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿಸಿ ಕೇಳಿ, "ನೋಡು, ಇದರಲ್ಲೆಲ್ಲೂ ಇಲ್ಲ" ಎಂದು ತೀರ್ಪು ಕೊಟ್ಟರು. ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟು ಒಂದು ಕೋಡುಬಳೆಗೆ, ಇನ್ನೊಂದು ಸಂಕ್ರಾಂತಿಯ ಕಬ್ಬಿಗೆ ಕಿತ್ತುಬಂತು. ಹೀಗೆ ಕಿತ್ತಾಗಲೆಲ್ಲ ಆ ಹಲ್ಲು ಕೆಲಸ ನಿಲ್ಲಿಸಿ ರಜೆಯ ಮೇಲೆ ಹೋಗುತ್ತದೆ, ಗಡುವು ಮುಂದಕ್ಕೆ ಓಡುತ್ತದೆ. ಬೇಸಿಗೆಯಲ್ಲಿ ಮೈಸೂರಿಗೆ ಹೋಗಿ ಕೂತರಂತೂ ಬಿಗಿ ಮಾಡುವವರೇ ಇಲ್ಲ.

ಇಷ್ಟಾದರೂ ಮಗಳದ್ದು ಎರಡು ವರ್ಷದೊಳಗೆ ಬಿಚ್ಚಿತು. ಅಷ್ಟರಲ್ಲಿ ಅತ್ತೆ ಆರು ತಿಂಗಳ ವೀಸಾ ಮುಗಿಸಿ ಊರಿಗೆ ಹೋಗಿ, ಮತ್ತೆ ಬಂದಿದ್ದರು. ನಮ್ಮ ಮನೆಯವರದ್ದು? ಒಂದು ಅಲೈನರು ಹಲ್ಲನ್ನು ಹೆಚ್ಚೆಂದರೆ ಕಾಲು ಮಿಲಿಮೀಟರು ಸರಿಸುತ್ತದೆ. ಆ ಕಾಲು ಮಿಲಿಮೀಟರನ್ನು ನಾಲ್ಕು ಗಂಟೆಯ ಕಾಫಿ ತಿಂದುಹಾಕಿತ್ತು. ಡಬ್ಬಿಯಲ್ಲಿದ್ದ ಅಷ್ಟೂ ಅಲೈನರು ಮುಗಿದವು, ಹಲ್ಲು ಮಾತ್ರ ಕಂಪ್ಯೂಟರಿನ ಚಿತ್ರದಲ್ಲಿ ತೋರಿಸಿದ ಜಾಗಕ್ಕೆ ಬಂದಿರಲಿಲ್ಲ. ಡಾಕ್ಟರು ಬಯ್ಯಲಿಲ್ಲ. 'ರಿಫೈನ್‌ಮೆಂಟ್' ಎಂದು ಹೊಸದಾಗಿ ಸ್ಕ್ಯಾನು ತೆಗೆದು ಇನ್ನೊಂದು ಡಬ್ಬಿ ತರಿಸಿದರು. ಫೇಲಾದ ಹುಡುಗನಿಗೆ ಇಷ್ಟು ಗೌರವದ ಹೆಸರು ನಮ್ಮ ಪಿಯುಸಿ ಬೋರ್ಡಿಗೂ ಹೊಳೆದಿರಲಿಲ್ಲ.

ಆ ಎರಡನೇ ಡಬ್ಬಿಯ ಕಾಲದಲ್ಲೇ ಯುಗಾದಿ ಬಂತು. ಕನ್ನಡ ಸಂಘದ ಸಮಾರಂಭದಲ್ಲಿ ಇವರದ್ದೇ ನಿರೂಪಣೆ. ಹೊಸ ಅಲೈನರು, ನಾಲಿಗೆ ಇನ್ನೂ ಪಳಗಿಲ್ಲ. "ಥಮಥ್ತ ಥಭಿಕರಿಗೆ ಥ್ವಾಗತ" ಎಂದರು. ಫ್ರಿಮಾಂಟಿನಲ್ಲಿ ಹುಟ್ಟಿದ ಮಕ್ಕಳು ಕನ್ನಡ ಹಾಗೇ ಇರಬೇಕೆಂದು ಕೈತಟ್ಟಿದವು. ಊಟಕ್ಕೆ ಕೂತಾಗ ಅಲೈನರು ತೆಗೆದು ಪೇಪರ್ ನ್ಯಾಪ್‌ಕಿನ್ನಿನಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟರು. ಡಬ್ಬಿಯಲ್ಲಿಡಿ ಎಂದು ಡಾಕ್ಟರೂ ಹೇಳಿದ್ದರು, ನಾನೂ ಹೇಳಿದ್ದೆ. ಹೋಳಿಗೆಯ ಮೇಲೆ ಮೂರನೇ ಚಮಚ ತುಪ್ಪ ಬೀಳುತ್ತಿದ್ದಾಗ ಸ್ವಯಂಸೇವಕರು ಬಂದು ಪಕ್ಕದ ಖಾಲಿ ಎಲೆ ಸಮೇತ ಎಲ್ಲ ಬಾಚಿಕೊಂಡು ಹೋದರು.

ರೇಷ್ಮೆ ಪಂಚೆ ಎತ್ತಿಕಟ್ಟಿ, ಮೊಣಕೈವರೆಗೆ ಕವರು ಏರಿಸಿಕೊಂಡು ಇವರು ಕಸದ ಚೀಲಕ್ಕೆ ಕೈ ಹಾಕಿದರು. "ಏನ್ ಸಾರ್ ಹುಡುಕ್ತಿದೀರಾ, ಉಂಗುರಾನಾ?" ಎಂದು ಒಬ್ಬರು ಕೇಳಿದರು. ವಿಷಯ ತಿಳಿದು ದನಿ ತಗ್ಗಿಸಿ, "ನಂದೂ ಇದೆ" ಎಂದು ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ತೋರಿಸಿದರು. ಪಕ್ಕದಲ್ಲಿದ್ದ ಇನ್ನೊಬ್ಬರು ಆಚೀಚೆ ನೋಡಿ ತಮ್ಮದನ್ನೂ ತೆಗೆದರು. ಕಾರ್ಯಕಾರಿ ಸಮಿತಿಯ ಅರ್ಧಕ್ಕರ್ಧ ಜನ ಒಬ್ಬರಿಗೊಬ್ಬರು ಹೇಳದೆ ಹಲ್ಲು ಸರಿಸಿಕೊಳ್ಳುತ್ತಿದ್ದರು! ಎಲ್ಲರೂ ಸೇರಿ ಚೀಲ ಸುರಿದು, ಪಾಯಸದ ಲೋಟ, ಕೋಸಂಬರಿ, ಬೇವಿನ ಕಡ್ಡಿ ಎಲ್ಲ ಸರಿಸಿ ಹುಡುಕಿದರು. ಕೊನೆಗೆ ಒಂದು ನ್ಯಾಪ್‌ಕಿನ್ನಿನ ಮಡಿಕೆಯಲ್ಲಿ ಸಿಕ್ಕೇ ಸಿಕ್ಕಿತು. ಇವರು ನಲ್ಲಿಯ ಕೆಳಗೆ ಹಿಡಿದು ಮೂರು ಸಲ ತೊಳೆದು, ಬಾಯಿಗಿಟ್ಟು, ಕಚ್ಚಿ ನೋಡಿದರು.

ಅದು ಇವರದ್ದಲ್ಲ.