ಸಾವಿರ ಸುಳ್ಳು, ಒಂದು ಸೇಬು

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎಂಬ ಗಾದೆಯನ್ನು ಇಂದು ಅಕ್ಷರಶಃ ಪಾಲಿಸುತ್ತಿರುವವರು ಮದುವೆ ದಲ್ಲಾಳಿಗಳಲ್ಲ, ಹ್ಯಾಕಿಂಟಾಷ್ ಕಟ್ಟುವವರು, ಅಂದರೆ ಸಾದಾ ಪಿಸಿಯಲ್ಲಿ ಆ್ಯಪಲ್‌ನ ಮ್ಯಾಕ್‌ಓಎಸ್ ಓಡಿಸುವವರು. ಗಂಡು ಬೆಂಗಳೂರಿನ ಎಸ್.ಪಿ. ರೋಡಿನದು: ಒಂದಂಗಡಿಯ ಮದರ್‌ಬೋರ್ಡು, ಎದುರಂಗಡಿಯ ರ್‍ಯಾಮು, ಮೂಲೆಯಂಗಡಿಯಲ್ಲಿ ಚೌಕಾಸಿ ಮಾಡಿ ತಂದ ಕ್ಯಾಬಿನೆಟ್ಟು. ಹೆಣ್ಣು ಮ್ಯಾಕ್‌ಓಎಸ್, ಕ್ಯಾಲಿಫೋರ್ನಿಯಾದ ಕುಪರ್ಟಿನೊದ ಆ್ಯಪಲ್ ಮನೆತನದ್ದು. ನಾವೇ ಮಾಡಿದ ಪೆಟ್ಟಿಗೆಗಳಿಗೆ ಬಿಟ್ಟು ಹೊರಗೆ ಹೆಣ್ಣು ಕೊಡುವುದಿಲ್ಲ ಎಂದು ಕರಾರಿನಲ್ಲೇ ಬರೆದಿಟ್ಟ ಮನೆತನ. ಈ ಸಂಬಂಧ ಕೂಡಬೇಕಾದರೆ ಗಂಡಿನ ಹೆಸರು, ಊರು, ಗೋತ್ರ, ಹುಟ್ಟಿದ ಗಳಿಗೆ ಎಲ್ಲವನ್ನೂ ತಿದ್ದಬೇಕು. ಹಾಗೆ ತಿದ್ದಿ ಬರೆದ ಜಾತಕಕ್ಕೆ ಕಾನ್ಫಿಗ್ ಡಾಟ್ ಪಿಲಿಸ್ಟ್ ಎಂದು ಹೆಸರು. ಅದನ್ನು ಮಾವನ ಮನೆಯವರ ಮುಂದೆ ಗಂಭೀರ ಮುಖ ಮಾಡಿಕೊಂಡು ಓದುವ ಪುರೋಹಿತರ ಹೆಸರು ಓಪನ್‌ಕೋರ್.

ಹಾಗೆ ನೋಡಿದರೆ ಎರಡೂ ಕಡೆಯ ರಕ್ತ ಒಂದೇ. 2005ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ವೇದಿಕೆ ಹತ್ತಿ, ಇನ್ನು ಮುಂದೆ ಮ್ಯಾಕ್‌ಗಳಲ್ಲೂ ಇಂಟೆಲ್ ಪ್ರೊಸೆಸರ್ ಎಂದು ಸಾರಿದರು. 2006ರ ಜನವರಿಯಲ್ಲಿ ಅವು ಬಂದೇಬಿಟ್ಟವು. ಅಲ್ಲಿಯ ತನಕ ಮ್ಯಾಕ್‌ನ ಹೊಟ್ಟೆಯಲ್ಲಿ ಏನೋ ದೈವಾಂಶವಿದೆ ಎಂದು ನಂಬಿದ್ದವರು ತಿರುಪು ಬಿಚ್ಚಿ ನೋಡಿದರೆ, ಆಡಿಟರ ಆಫೀಸಿನಲ್ಲಿ ಟ್ಯಾಲಿ ಹೊಡೆಯುವ ಪಿಸಿಗೂ ಇದಕ್ಕೂ ಒಬ್ಬನೇ ಅಪ್ಪ. ಹಾಗಿದ್ದ ಮೇಲೆ ನಮ್ಮ ಪಿಸಿಯಲ್ಲೂ ಮ್ಯಾಕ್‌ಓಎಸ್ ಏಕೆ ಓಡಬಾರದು ಎಂಬ ಪ್ರಶ್ನೆ ಹುಟ್ಟುವುದು ತಡವಾಗಲಿಲ್ಲ.

ಪ್ರಶ್ನೆ ಬರುತ್ತದೆಂದು ಕಂಪನಿಗೂ ಗೊತ್ತಿತ್ತು. ಬೀಗ ಜಡಿದೇ ಕಳಿಸಿದ್ದರು. ಆ ಬೀಗದ ಅಧಿಕೃತ ಹೆಸರೇ ‘ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್’. ನಾನು ಕಟ್ಟಿದ ತಮಾಷೆಯಲ್ಲ, ಸಿಸ್ಟಂ ಫೋಲ್ಡರಿನಲ್ಲಿ ಆ ಹೆಸರಿನ ಫೈಲು ಇಂದಿಗೂ ಕೂತಿದೆ. ಅದರ ಕೀಲಿ ಮ್ಯಾಕ್‌ನ ಎಸ್‌ಎಂಸಿ ಎಂಬ ಚಿಪ್ಪಿನೊಳಗೆ. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದು ಆ ಕೀಲಿಗೆ ಯಾವ ಮಹಾ ಗಣಿತ ಸೂತ್ರ ಬಳಸಿರಬಹುದು ಎಂದು ಹೋಗಿ ನೋಡಿದರೆ, ಅದೊಂದು ವಾಕ್ಯ. ನಾವು ಕಷ್ಟಪಟ್ಟು ಮಾಡಿದ್ದು, ದಯವಿಟ್ಟು ಕದಿಯಬೇಡಿ ಎಂಬರ್ಥದ್ದು. ಕಳ್ಳನ ಕೈಯಲ್ಲೇ ಆ ವಾಕ್ಯ ಹೇಳಿಸಿ ಬಾಗಿಲು ತೆರೆಯುವ ಬೀಗವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಈಗ ವರ್ಚುವಲ್ ಎಸ್‌ಎಂಸಿ ಎಂಬ ಪುಟ್ಟ ಫೈಲು ಪ್ರತಿದಿನ ಬೆಳಿಗ್ಗೆ ಲಕ್ಷಣವಾಗಿ ‘ದಯವಿಟ್ಟು ಕದಿಯಬೇಡಿ’ ಎಂದು ಪಠಿಸುತ್ತದೆ. ಬಾಗಿಲು ತೆರೆಯುತ್ತದೆ.

ಕರಾರಿನ ಮಾತು ಇನ್ನೂ ಚೆನ್ನ. ಆ್ಯಪಲ್ ಲೇಬಲ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಹಾಕತಕ್ಕದ್ದು ಎಂದಿತ್ತು ಒಂದು ಕಾಲಕ್ಕೆ. ಲೇಬಲ್ ತಾನೆ ಎಂದು ಐಪಾಡ್ ಪೆಟ್ಟಿಗೆಯಲ್ಲಿ ಪುಕ್ಕಟೆ ಬಂದ ಬಿಳಿ ಸೇಬಿನ ಸ್ಟಿಕರನ್ನು ಕ್ಯಾಬಿನೆಟ್ಟಿಗೆ ಅಂಟಿಸಿ, ಕಾನೂನು ಪಾಲಿಸಿದ ತೃಪ್ತಿಯಲ್ಲಿ ಮಲಗಿದ ಪುಣ್ಯಾತ್ಮರೂ ಇದ್ದರು. ಅಮೆರಿಕದ ಫ್ಲಾರಿಡಾದಲ್ಲಿ ಸೈಸ್ಟಾರ್ ಎಂಬ ಕಂಪನಿ ಅಷ್ಟಕ್ಕೆ ನಿಲ್ಲದೆ 2008ರಲ್ಲಿ ಇಂಥ ಪೆಟ್ಟಿಗೆಗಳನ್ನು ರೆಡಿಮೇಡ್ ಮಾಡಿ ಮಾರಾಟಕ್ಕೇ ಇಟ್ಟಿತು. ಮಾವ ಕೋರ್ಟಿಗೆ ಹೋದ. 2009ರಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಮಾವನ ಪರ ತೀರ್ಪು ಕೊಟ್ಟರು. 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿ ಹಿಡಿಯಿತು. ಅಲ್ಲಿಗೆ ಮಾರುವವರ ಕಥೆ ಮುಗಿಯಿತು. ಮನೆಯಲ್ಲಿ ಕೂತು ಕಟ್ಟುವವರ ಮೇಲೆ ಮಾತ್ರ ಕಂಪನಿ ಕೈ ಎತ್ತಲಿಲ್ಲ. ಅವರಿಗೆ ಬೇರೆ ಶಿಕ್ಷೆ ಬೇಕಾಗಿಲ್ಲ ಎಂದು ಅರ್ಥಮಾಡಿಕೊಂಡಿತ್ತು ಅಂತ ಕಾಣುತ್ತದೆ.

ನನ್ನ ಭಾವಮೈದುನನ ಕಸುಬು ಮದುವೆ ವಿಡಿಯೊ. ‘ಭಾವ, ಫೈನಲ್ ಕಟ್‌ನಲ್ಲಿ ಎಡಿಟ್ ಮಾಡಿದ್ರೆ ಅರ್ಧ ಟೈಮಲ್ಲಿ ಕೆಲಸ ಮುಗಿಯುತ್ತೆ’ ಎಂದ. ಅದಕ್ಕೆ ಮ್ಯಾಕ್ ಬೇಕಲ್ಲ, ಒಂದು ತಗೊಳ್ಳಪ್ಪ ಎಂದೆ. ‘ಅವರು ನಾಲ್ಕು ಚಕ್ರಕ್ಕೇ 699 ಡಾಲರ್ ಕೇಳ್ತಾರೆ, ಗೊತ್ತಾ?’ ಎಂದು ರೇಗಿದ. ಮಾತು ಸುಳ್ಳಲ್ಲ, 2019ರ ಮ್ಯಾಕ್ ಪ್ರೊ ಅಡಿಗೆ ಜೋಡಿಸುವ ಚಕ್ರಗಳಿಗೆ ನಿಜಕ್ಕೂ ಅಷ್ಟು ಬೆಲೆ ಇಟ್ಟಿದ್ದರು. ಆದರೆ ಇವನಿಗೆ ಚಕ್ರ ಬೇಕಿರಲಿಲ್ಲ, ಮ್ಯಾಕ್ ಪ್ರೊ ಕೂಡ ಬೇಕಿರಲಿಲ್ಲ. ಅತಿ ದುಬಾರಿ ಮ್ಯಾಕ್‌ನ ಬೆಲೆ ಹಿಡಿದು, ಅದರಲ್ಲಿ ತಾನು ಕಟ್ಟುವ ಪಿಸಿಯ ಖರ್ಚು ಕಳೆದು, ಉಳಿದ ಮೊತ್ತವನ್ನು ಉಳಿತಾಯ ಎಂದು ಬರೆದುಕೊಳ್ಳುವುದು ಈ ಪಂಥದ ಲೆಕ್ಕಶಾಸ್ತ್ರ. ತನ್ನ ದುಡಿಮೆಯ ದಿನಗಳಿಗೆ ಆ ಲೆಕ್ಕದಲ್ಲಿ ಕಾಲಂ ಇರುವುದಿಲ್ಲ.

ಪ್ರೊಸೆಸರ್ ಆರಿಸುವಾಗ ಜಾಣತನ ತೋರಿಸಿದ. 2020ರ 27 ಇಂಚಿನ ಐಮ್ಯಾಕ್‌ನಲ್ಲಿದ್ದ ಐ7-10700ಕೆ ಚಿಪ್ಪನ್ನೇ ಹುಡುಕಿ ತಂದ. ಎಡವಿದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಎನ್‌ವಿಡಿಯಾ ಹೆಸರೆತ್ತುವಂತಿಲ್ಲ, ಆ ಕಂಪನಿಯ ಹೊಸ ಕಾರ್ಡುಗಳಿಗೆ 2018ರ ಮೊಹಾವಿ ಆವೃತ್ತಿಯಿಂದಲೇ ಮಾವನ ಮನೆಯಲ್ಲಿ ಬಾಗಿಲು ಹಾಕಿದೆ. ಉಳಿದದ್ದು ಎಎಂಡಿ. ಅದರಲ್ಲಿ ಆರ್‌ಎಕ್ಸ್ 6600ಕ್ಕೆ ಡ್ರೈವರ್ ಇದೆ, 6800ಕ್ಕೂ ಇದೆ. ನಡುವೆ ನಿಂತ 6700 ಎಕ್ಸ್‌ಟಿಗೆ ಮಾತ್ರ ಆ್ಯಪಲ್ ಡ್ರೈವರ್ ಬರೆದೇ ಇಲ್ಲ, ಏಕೆಂದರೆ ಆ ಚಿಪ್ಪನ್ನು ಅವರು ಯಾವ ಮ್ಯಾಕ್‌ಗೂ ಕೊಡಲಿಲ್ಲ. ಕೆಳಗಿನದೂ ಮೇಲಿನದೂ ನಡೆಯುವಾಗ ಮಧ್ಯದ್ದು ನಡೆಯದೇ ಇರುತ್ತದೆಯೇ ಎಂಬ ತರ್ಕದಿಂದ ಇವನು ತಂದದ್ದು ಅದೇ 6700 ಎಕ್ಸ್‌ಟಿ. ವಾಪಸು ಕೊಡಲು ಹೋದಾಗ ಅಂಗಡಿಯವನು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ವಿಂಡೋಸಲ್ಲಿ ಸೂಪರ್ ಓಡ್ತದಲ್ಲ ಸರ್, ಪ್ರಾಬ್ಲಂ ಕಾರ್ಡಲ್ಲಿ ಇಲ್ಲ’ ಎಂದನಂತೆ. ಆ ವಾಕ್ಯದಲ್ಲಿ ಎಷ್ಟು ಸತ್ಯವಿದೆಯೆಂಬುದು ಅಂಗಡಿಯವನಿಗೂ ತಿಳಿದಿರಲಾರದು.

ಇನ್ನು ಸುಳ್ಳುಗಳ ಪಟ್ಟಿ. ಮೊದಲನೆಯದು, ನಾನು ಎಸ್.ಪಿ. ರೋಡಿನವನಲ್ಲ, ನನ್ನ ಹೆಸರು ‘ಐಮ್ಯಾಕ್ 20,1’, ಅಂದರೆ ಅದೇ 2020ರ ಐಮ್ಯಾಕ್. ಮದರ್‌ಬೋರ್ಡಿನಲ್ಲಿ ಹೊಸ ಮಾದರಿಯ ಗಡಿಯಾರವಿದೆ, ಮ್ಯಾಕ್‌ಓಎಸ್‌ಗೆ ಅದರ ಪರಿಚಯವಿಲ್ಲ. ಆದ್ದರಿಂದ ಇರುವ ಗಡಿಯಾರವನ್ನು ಮುಚ್ಚಿಟ್ಟು ಹಳೇ ಗಡಿಯಾರವನ್ನು ಮುಂದೆ ಇಡಬೇಕು. ಎಂಬೆಡೆಡ್ ಕಂಟ್ರೋಲರ್ ಎಂಬುದನ್ನು ಅದು ‘ಇ.ಸಿ.’ ಎಂಬ ಹೆಸರಿನಲ್ಲೇ ಹುಡುಕುತ್ತದೆ, ಸಿಗದಿದ್ದರೆ ಮುಂದೆ ಹೆಜ್ಜೆ ಇಡುವುದಿಲ್ಲ. ಹಾಗಾಗಿ ನಕಲಿ ಇ.ಸಿ. ಒಂದನ್ನು ಸೃಷ್ಟಿಸಬೇಕು. (ಸಬ್ ರಿಜಿಸ್ಟ್ರಾರ್ ಆಫೀಸು ಹತ್ತಿ ಇಳಿದ ಬೆಂಗಳೂರಿಗರಿಗೆ ಈ ಹಂತವನ್ನು ವಿವರಿಸಬೇಕಾಗಿಲ್ಲ.) ಸೌಂಡಿಗೆ ಒಂದು ಸುಳ್ಳು, ನೆಟ್‌ವರ್ಕಿಗೆ ಒಂದು, ಇಷ್ಟೆಲ್ಲ ಸುಳ್ಳುಗಳಿಗೆ ತಳಪಾಯವಾಗಿ ‘ಲೀಲು’ ಎಂಬ ಇನ್ನೊಂದು.

ಇವನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ ಪವರ್ ಬಟನ್ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ದಡದಡನೆ ಓಡತೊಡಗುತ್ತವೆ. ಓಡುವಾಗ ಓದಲಾಗುವುದಿಲ್ಲ. ನಿಂತಾಗ ಓದಬಹುದು, ಆದರೆ ನಿಂತಿತೆಂದರೆ ಕೆಟ್ಟಿತೆಂದೇ ಅರ್ಥ. ಭಾವಮೈದುನನದು ‘ಎಕ್ಸಿಟ್‌ಬಿಎಸ್ ಸ್ಟಾರ್ಟ್’ ಎಂಬ ಸಾಲಿಗೆ ಬಂದು ನಿಂತಿತು. ಅಕ್ಷರಗಳ ಕೆಳಗೆ ಖಾಲಿ ಕಪ್ಪು, ಒಳಗೆ ಫ್ಯಾನಿನ ಸದ್ದು, ಮುಂದೆ ಮೊಬೈಲಿನಲ್ಲಿ ಆ ಪರದೆಯ ಫೋಟೊ ತೆಗೆಯುತ್ತಿರುವ ಮದುವೆ ಫೋಟೋಗ್ರಾಫರ್. ಬಯಾಸ್‌ನಲ್ಲಿ ಸಿಎಫ್‌ಜಿ ಲಾಕ್ ತೆಗೆ, ಸೆಕ್ಯೂರ್ ಬೂಟ್ ತೆಗೆ, ಸೀರಿಯಲ್ ಪೋರ್ಟ್ ತೆಗೆ ಎಂದು ಒಂದೊಂದೇ ತೆಗೆಯುತ್ತಾ ಹೋದ. ಅದು ದಾಟಿದ ರಾತ್ರಿ ಮನೆಮಂದಿಯನ್ನೆಲ್ಲ ಎಬ್ಬಿಸಿ ತೋರಿಸಿದ. ಎದ್ದು ಬಂದವರು ಕಂಡದ್ದು ಇನ್ನೊಂದಿಷ್ಟು ಬಿಳಿ ಅಕ್ಷರ, ಕೊನೆಯಲ್ಲಿ ಅಡ್ಡಗೆರೆ ಎಳೆದ ಸೊನ್ನೆ: ‘ಸ್ಟಿಲ್ ವೇಟಿಂಗ್ ಫಾರ್ ರೂಟ್ ಡಿವೈಸ್’. ಪೆನ್‌ಡ್ರೈವಿನಿಂದಲೇ ಎದ್ದು ಬಂದ ಯಂತ್ರ, ಪೆನ್‌ಡ್ರೈವ್ ಎಲ್ಲಿದೆ ಎಂದು ಕೇಳುತ್ತಿತ್ತು.

ಕಾರಣ ಯುಎಸ್‌ಬಿ ತೂತುಗಳು. ಒಂದು ಕಂಟ್ರೋಲರಿಗೆ 15 ಪೋರ್ಟಿಗಿಂತ ಹೆಚ್ಚು ಎಣಿಸಲು ಮ್ಯಾಕ್‌ಓಎಸ್‌ಗೆ ಮನಸ್ಸಿಲ್ಲ. ನೀಲಿ ಬಣ್ಣದ ಪ್ರತಿ ತೂತನ್ನೂ ಅದು ಎರಡೆಂದು ಎಣಿಸುತ್ತದೆ, ಹಳೇ ವೇಗಕ್ಕೊಂದು, ಹೊಸ ವೇಗಕ್ಕೊಂದು. ಕ್ಯಾಬಿನೆಟ್ಟಿನ ಒಳಗಿರುವ ಬ್ಲೂಟೂತೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಯಾವ ತೂತು ಇರಬೇಕು, ಯಾವುದು ಸಾಯಬೇಕು ಎಂದು ಮೊದಲೇ ನಿರ್ಧರಿಸಿ ನಕ್ಷೆ ಮಾಡಿ ಕೊಡಬೇಕು. ಒಂದು ಕೈಯಲ್ಲಿ ಹಳೇ ಪೆನ್‌ಡ್ರೈವು, ಇನ್ನೊಂದರಲ್ಲಿ ಹೊಸದು, ಬಾಯಲ್ಲಿ ಪೆನ್ನು. ಕ್ಯಾಬಿನೆಟ್ಟಿನ ಹಿಂದೆ ಮೊಣಕಾಲೂರಿ ಒಂದೊಂದೇ ತೂತಿಗೆ ಚುಚ್ಚಿ, ತೆಗೆದು, ಮದುವೆ ಮುಯ್ಯಿ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುರುತು ಹಾಕುತ್ತಿದ್ದ. ನಮ್ಮತ್ತೆ ಕಾಫಿ ತಂದವರು ಒಂದು ಗಳಿಗೆ ನಿಂತು ನೋಡಿ, ‘ದುಡ್ಡು ಕೊಟ್ಟು ತಂದಿದ್ಯಲ್ಲೋ, ತೂತೆಲ್ಲ ಸರಿಯಾಗಿದೆಯಾ ಅಂತ ಅಂಗಡೀಲೇ ನೋಡ್ಕೋಬಾರದಿತ್ತಾ?’ ಎಂದರು.

ಎಲ್ಲಕ್ಕಿಂತ ರುಚಿಯಾದ ಸುಳ್ಳು ಸೀರಿಯಲ್ ನಂಬರಿನದು. ಐಮೆಸೇಜ್, ಫೇಸ್‌ಟೈಮ್ ನಡೆಯಬೇಕೆಂದರೆ ಅದು ಬೇಕು. ಒಂದು ಸಣ್ಣ ಪ್ರೋಗ್ರಾಂ ಬೇಕಾದಷ್ಟು ನಂಬರು ಹುಟ್ಟಿಸಿ ಕೊಡುತ್ತದೆ. ಅವನ್ನು ಆ್ಯಪಲ್‌ನವರ ವಾರಂಟಿ ಪುಟದಲ್ಲಿ ಹಾಕಿ ಪರೀಕ್ಷಿಸಬೇಕು. ನಂಬರು ಸರಿಯಿದೆ ಎಂದು ಬಂದರೆ ಕೆಟ್ಟ ಸುದ್ದಿ, ಅದು ಬೇರೆ ಯಾರೋ ದುಡ್ಡು ಕೊಟ್ಟು ಕೊಂಡ ಮ್ಯಾಕ್‌ನದು. ಇಂಥ ನಂಬರು ಸಿಂಧುವಲ್ಲ ಎಂದು ಬಂದರೆ ಪಾಸು. ಕಂಪನಿ ಒಳ್ಳೆಯ ಇಂಗ್ಲಿಷಿನಲ್ಲಿ ನೀನು ನಮ್ಮವನಲ್ಲ ಎಂದು ಬರೆದು ಕಳಿಸಿದ್ದನ್ನು ನೋಡಿ ನನ್ನ ಭಾವಮೈದುನ ಕುರ್ಚಿಯಿಂದ ಎದ್ದು ಕುಣಿದ.

ಕೊನೆಗೊಮ್ಮೆ ಓಡಿತು. ಓಡಿದ ಮೇಲೆ ಅವನು ಫೈನಲ್ ಕಟ್ ತೆರೆದನೆಂದು ನೀವು ಭಾವಿಸಿದ್ದರೆ ಈ ಜನರನ್ನು ನೀವು ಬಲ್ಲವರಲ್ಲ. ಸೇಬಿನ ಚಿತ್ರ ಒತ್ತಿ ‘ಅಬೌಟ್ ದಿಸ್ ಮ್ಯಾಕ್’ ತೆರೆದ. ಬಂದವರಿಗೆಲ್ಲ ಆ ಕಿಟಕಿಯನ್ನೇ ತೋರಿಸಿದ. ಯಂತ್ರ ಒಮ್ಮೆ ಮಲಗಿದರೆ ಏಳುತ್ತಿರಲಿಲ್ಲ, ಆದ್ದರಿಂದ ಅದನ್ನು ಮಲಗಿಸುವುದನ್ನೇ ಬಿಟ್ಟ. ವಿಡಿಯೊಗಾಗಿ ಕಾಯುತ್ತಿದ್ದ ಒಂದು ಜೋಡಿ ಸೀಮಂತದ ಆರ್ಡರನ್ನು ಬೇರೆಯವರಿಗೆ ಕೊಟ್ಟಿತು. ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದಾಗ ಊರಿನ ಮ್ಯಾಕ್‌ನವರೆಲ್ಲ ಒಂದು ಗುಂಡಿ ಒತ್ತಿ ಊಟಕ್ಕೆ ಹೋದರೆ, ಇವನಿಗೆ ಮೊದಲಿನಿಂದ ಹೋಮ. 2023ರ ಸೊನೋಮಾ ಬಂದಾಗ ಹಳೇ ಮ್ಯಾಕ್‌ಗಳಲ್ಲಿದ್ದ ಬ್ರಾಡ್‌ಕಾಮ್ ವೈಫೈಗೇ ಬೆಂಬಲ ಹೋಯಿತು. ಅಪ್ಪಟ ಮ್ಯಾಕ್‌ನದು ಎಂದು ಹುಡುಕಿ ತರಿಸಿ ಹಾಕಿದ್ದ ವೈಫೈ ಕಾರ್ಡೇ ಅದು. ಇಡೀ ಪೆಟ್ಟಿಗೆಯಲ್ಲಿ ಸುಳ್ಳು ಹೇಳದೆ ಇದ್ದ ಭಾಗ ಅದೊಂದೇ, ಹೊರಬಿದ್ದದ್ದೂ ಅದೊಂದೇ.

ನಕ್ಕುಬಿಡಬಹುದಿತ್ತು, ಆದರೆ ಅಸಲಿ ಗೋತ್ರದವರ ಪಾಡನ್ನೂ ನೋಡಿ. ಅದೇ ಸೊನೋಮಾ 2017ರ ಐಮ್ಯಾಕ್ ಅನ್ನು ಮನೆಯಿಂದ ಹೊರಗೆ ಹಾಕಿತು. ಕುಪರ್ಟಿನೊದಲ್ಲೇ ಹುಟ್ಟಿದ ಗಂಡು, ಎದೆಯ ಮೇಲೆ ಕಾರ್ಖಾನೆಯವರೇ ಅಚ್ಚೊತ್ತಿದ ಸೇಬು. ಅದಕ್ಕೆ ಹೊಸ ಆವೃತ್ತಿ ಹಾಕಬೇಕೆಂದರೆ ಈಗ ಓಪನ್‌ಕೋರ್ ಲೆಗಸಿ ಪ್ಯಾಚರ್ ಬೇಕು. ಅದೇ ಪುರೋಹಿತರು, ಅದೇ ತಿದ್ದಿದ ಜಾತಕ. ನಿಜವಾದ ಮ್ಯಾಕ್ ಇನ್ನೊಂದು ಮ್ಯಾಕ್ ಎಂದು ಸುಳ್ಳು ಹೇಳಿಕೊಂಡು ತವರುಮನೆಯ ಬಾಗಿಲಲ್ಲಿ ನಿಲ್ಲಬೇಕು. ಯಂತ್ರಕ್ಕೆ ಶಕ್ತಿ ಸಾಲದೆಂದು ಹೊರಗೆ ಹಾಕಿದರೆ ಒಪ್ಪೋಣ. ಪ್ಯಾಚರ್ ಹಾಕಿದರೆ ಅದರಲ್ಲೇ ಆ ಸೊನೋಮಾ ಓಡುತ್ತದಲ್ಲ, ಅದಕ್ಕೇನು ಹೇಳೋಣ?

2020ರ ಜೂನ್‌ನಲ್ಲಿ ಕಂಪನಿ ಇಂಟೆಲ್ ಬಿಟ್ಟು ಸ್ವಂತ ಚಿಪ್ಪಿಗೆ ಹೊರಟಿತು. 2025ರ ಜೂನ್‌ನಲ್ಲಿ, ಮ್ಯಾಕ್‌ಓಎಸ್ 26 ಟಾಹೋವೇ ಇಂಟೆಲ್‌ಗೆ ಕೊನೆಯದು ಎಂದಿತು. ಉಳಿದ ಇಂಟೆಲ್ ಮ್ಯಾಕ್‌ಗಳ ಪಟ್ಟಿಯಲ್ಲಿದ್ದದ್ದು ನಾಲ್ಕೇ ಹೆಸರು, ಅದರಲ್ಲೊಂದು 2020ರ 27 ಇಂಚಿನ ಐಮ್ಯಾಕ್. ಭಾವಮೈದುನ ಫೋನ್ ಮಾಡಿ, ‘ನಾವು ಲಿಸ್ಟಲ್ಲಿ ಇದ್ದೀವಿ ಭಾವ!’ ಎಂದ. ಆ ‘ನಾವು’ ಕೇಳಿ ನನಗೆ ಮಾತೇ ಹೊರಡಲಿಲ್ಲ.

ಆದರೂ ಕೊನೆಯೆಂದರೆ ಕೊನೆಯೇ. ಬಾಕಿ ಬಿದ್ದ ಮದುವೆಗಳ ಒತ್ತಡಕ್ಕೆ ಮಣಿದು ಎಂ4 ಚಿಪ್ಪಿನ ಮ್ಯಾಕ್ ಮಿನಿ ತಂದ. ಭಾರತದಲ್ಲಿ ಅದು ಬಿಡುಗಡೆಯಾದಾಗಿನ ಬೆಲೆ 59,900 ರೂಪಾಯಿ. ಅವನ ಹಳೇ ಪೆಟ್ಟಿಗೆಯ ಖರ್ಚನ್ನು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಂಗೈಯಗಲದ ಡಬ್ಬಿ, ಕರೆಂಟು ಕೊಟ್ಟ ತಕ್ಷಣ ಎದ್ದಿತು. ವೈಫೈ ಹಿಡಿಯಿತು. ಮಲಗಿಸಿದರೆ ಮಲಗಿತು, ಕರೆದರೆ ಎದ್ದಿತು. ಬಾಕಿ ಇದ್ದ ಕೆಲಸವೆಲ್ಲ ಆ ತಿಂಗಳಲ್ಲೇ ಮುಗಿದು ಗಿರಾಕಿಗಳ ಕೈ ಸೇರಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ, ಅವನೊಬ್ಬನ ಮುಖ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಾ ಬಂತು. ಮೊನ್ನೆ ಹಬ್ಬದ ಊಟಕ್ಕೆ ಬಂದವನು ಎಲೆಯ ಮುಂದೆ ಕೂತು ಮೆಲ್ಲಗೆ ಕೇಳಿದ:

‘ಭಾವ, ಆ್ಯಪಲ್ ಚಿಪ್ಪಲ್ಲಿ ಓಡೋಕೆ ಅಂತಲೇ ಅಸಾಹಿ ಅನ್ನೋ ಲಿನಕ್ಸ್ ಮಾಡಿದ್ದಾರೆ, ಗೊತ್ತಾ?’

‘ಅದಕ್ಕೇನೀಗ? ನಿನ್ನದರಲ್ಲಿ ಓಡುತ್ತೇನು?’

‘ಇಲ್ಲ. ಎಂ1, ಎಂ2ಗೆ ಇದೆ. ಎಂ4 ಸಪೋರ್ಟೇ ಇಲ್ವಂತೆ’ ಎಂದ. ಎಷ್ಟೋ ವಾರಗಳ ಮೇಲೆ ಅವನ ಮುಖಕ್ಕೆ ಕಳೆ ಬಂದಿತ್ತು, ಒಬ್ಬಟ್ಟನ್ನೂ ಇನ್ನೊಂದು ಹಾಕಿಸಿಕೊಂಡ.