ಈಜುಕೊಳ ಒತ್ತಡ ಮೀಮಾಂಸೆ

ಲಂಡನ್ನಿನಲ್ಲಿ ಒತ್ತಡ ದ್ವಿವಿಧ: ಮನೆಸಾಲದ್ದು, ನಲ್ಲಿಯದು. ಈ ಗ್ರಂಥದ ವಿಷಯ ಎರಡನೆಯದು. ಇದನ್ನು ಓದಲು ಅಧಿಕಾರಿ, ತಲೆಗೆ ಶಾಂಪೂ ಹಚ್ಚಿಕೊಂಡ ಮೇಲೆ ಷವರ್ ಸೊರಗಿದ ಯಾವುದೇ ಗೃಹಸ್ಥ. ಪ್ರಯೋಜನ, ಏನೂ ಇಲ್ಲ.

ಪೂರ್ವಪಕ್ಷವನ್ನು ಮಂಡಿಸುವವರು ಈಸ್ಟ್ ಹ್ಯಾಮಿನ ಮಗಳ ಮನೆಗೆ ಬೇಸಿಗೆ ಕಳೆಯಲು ಬಂದ ಜಯನಗರದ ಮಾವನವರು. "ಅಳಿಯಂದಿರೇ, ಅಟ್ಟದಲ್ಲಿ ಇನ್ನೂ ದೊಡ್ಡ ಟ್ಯಾಂಕ್ ಇಡಿಸಿ. ಫೋರ್ಸ್ ತಾನಾಗಿ ಬರುತ್ತೆ." ಅವರ ಮಾತಿಗೆ ತೂಕವಿದೆ; ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ ಹಂತಹಂತವಾಗಿ ಬೆಂಗಳೂರಿಗೆ ಏರಿಬಂದ ಕಾವೇರಿಯನ್ನು ಕುಡಿದವರು ಅವರು.

ಆದರೂ ಪೂರ್ವಪಕ್ಷ ಅಸಿಂಧು. ನೀರು ಎತ್ತರವನ್ನು ಎಣಿಸುತ್ತದೆ, ಅಗಲವನ್ನಲ್ಲ. 10 ಮೀಟರ್ ನೀರಿಗೆ ಸುಮಾರು 1 ಬಾರ್ ಒತ್ತಡ, ಟ್ಯಾಂಕು ಗಡಿಗೆಯಷ್ಟಿದ್ದರೂ ಸರಿ, ಗುಡಾಣದಷ್ಟಿದ್ದರೂ ಸರಿ. ದೃಷ್ಟಾಂತ: ನೈನ್ ಎಲ್ಮ್ಸ್‌ನಲ್ಲಿ ಎರಡು ಕಟ್ಟಡಗಳ ನಡುವೆ, ನೆಲದಿಂದ 35 ಮೀಟರ್ ಮೇಲೆ 2021ರಲ್ಲಿ ತೆರೆದ, 25 ಮೀಟರ್ ಉದ್ದದ ಪಾರದರ್ಶಕ 'ಸ್ಕೈ ಪೂಲ್'. ಆಳ 3 ಮೀಟರ್ ಎಂದು ಹಿಡಿದರೆ ಅದರ ತಳದ ಮೇಲೆ ನೀರು ಹಾಕುವ ಒತ್ತಡ 0.3 ಬಾರ್, 3 ಮೀಟರಿನ ಸಪೂರ ಪೈಪನ್ನು ನೆಟ್ಟಗೆ ನಿಲ್ಲಿಸಿ ತುಂಬಿದರೂ ಅಷ್ಟೇ. ಕೆಳಗೆ ಜನ ಓಡಾಡುತ್ತಿರುವುದು ಈಜುವವರಿಗೆ ಗೊತ್ತು, ನೀರಿಗೆ ಗೊತ್ತಿಲ್ಲ.

ಇದರಿಂದ ಲಂಡನ್ ಮನೆಗಳ ವರ್ಗಭೇದ ತಿಳಿಯುತ್ತದೆ. ನೀರಿನ ಕಂಪನಿಗಳು ಮನೆಗೆ ಬರುವ ಪೈಪಿನಲ್ಲಿ ಕಾಯ್ದುಕೊಳ್ಳಬೇಕಾದ ಕನಿಷ್ಠ ಮಟ್ಟ 7 ಮೀಟರ್, ಅಂದರೆ 0.7 ಬಾರ್. ಬಡಪಾಯಿ ಗೃಹಸ್ಥ ಸಾಲ ಮಾಡಿ ಅಟ್ಟವನ್ನೇ ಬಚ್ಚಲುಮನೆ ಮಾಡಿಸುತ್ತಾನೆ. ನೀರು ಅಲ್ಲಿಗೆ ಏರುವಷ್ಟರಲ್ಲಿ ಏದುಸಿರು. ಕೆನ್ಸಿಂಗ್ಟನ್ನಿನ ಸಿರಿವಂತ ಕೆಳಕ್ಕೆ ಅಗೆಸಿ ಕೊಳ ಕಟ್ಟಿಸುತ್ತಾನೆ. ಇಳಿದಷ್ಟೂ ಒತ್ತಡ ಪುಕ್ಕಟೆ. ಪಾತಾಳದತ್ತ ಹೊರಟ ಈ ಮನೆಗಳನ್ನು ಕಂಡು ಗಾಬರಿಯಾದ ಅಲ್ಲಿನ ಕೌನ್ಸಿಲ್, 2015ರಲ್ಲಿ ನೆಲಮಾಳಿಗೆ ಸಾಮಾನ್ಯವಾಗಿ ಒಂದೇ ಅಂತಸ್ತು ಎಂದು ನಿಯಮ ಬಿಗಿ ಮಾಡಿತು.

ಕೊಳದ ಪಂಪಿನ ವಿಚಾರ ಇನ್ನೂ ಗಹನ. ಪಂಪಿನ ಹಿಂದೆ ಹೀರುವ ಪೈಪು, ಮುಂದೆ ತಳ್ಳುವ ಪೈಪು. ಹೀರುವ ಕಡೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾದಾಗ ಬಿರುಕು ಬಿಟ್ಟರೆ ನೀರು ಸೋರದು, ಗಾಳಿ ಒಳನುಗ್ಗಿ ಕೊಳದಲ್ಲಿ ಗುಳ್ಳೆ ಏಳುತ್ತದೆ. ತಳ್ಳುವ ಕಡೆ ಬಿರುಕಾದರೆ ವಿಷಯ ಪಕ್ಕದ ಮನೆಯವರಿಗೂ ತಿಳಿಯುತ್ತದೆ. ಫಿಲ್ಟರಿನ ಮೇಲಿನ ಗೇಜಿನ ಮುಳ್ಳು ಏರಿತೆಂದು ಯಜಮಾನ ಹಿಗ್ಗುವುದುಂಟು. ಮುಳ್ಳು ಹೇಳುತ್ತಿರುವುದೇ ಬೇರೆ: ಫಿಲ್ಟರಿನ ಮರಳಲ್ಲಿ ಕೊಳೆ ತುಂಬಿದೆ, ಕೊಳಕ್ಕೆ ವಾಪಸಾಗುವ ನೀರು ಇಳಿದಿದೆ. ಶುಚಿಯಾಗಿದ್ದಾಗಿನ ಅಂಕಿಗಿಂತ 8–10 ಪಿಎಸ್ಐ ಏರಿದರೆ ನೀರನ್ನು ತಿರುಗುಮುರುಗಾಗಿ ಹರಿಸಿ ಮರಳು ತೊಳೆಯಬೇಕು. ಮುಳ್ಳು ಇಳಿದರೆ ಹೀರುವ ಬುಟ್ಟಿಯಲ್ಲಿ ಎಲೆಯೋ, ಯಾರದೋ ಚಡ್ಡಿಯೋ ಇರತಕ್ಕದ್ದು.

ಇನ್ನು ಅಪವಾದ ಪ್ರಕರಣ. 2022ರ ಆಗಸ್ಟ್ 24ರಿಂದ ನೀರಿನ ಕಂಪನಿ ಥೇಮ್ಸ್ ವಾಟರ್ ಹೋಸ್‌ಪೈಪ್ ನಿಷೇಧಿಸಿತು. ಮಕ್ಕಳ ಗಾಳಿತುಂಬುವ ಕೊಳಕ್ಕೂ ಪೈಪು ಹಿಡಿಯುವಂತಿರಲಿಲ್ಲ. ಬಕೆಟ್ಟಿಗೆ ಅಡ್ಡಿಯಿರಲಿಲ್ಲ. ಆ ಬೇಸಿಗೆ ಮೊಮ್ಮಗನ ಕೊಳಕ್ಕೆ ಪಂಪಾದವರು ಮಾವನವರೇ. ಸಂಜೆ ಅವರ ಬಿ.ಪಿ. ಎಷ್ಟಿತ್ತೆಂಬುದು ವೈದ್ಯಶಾಸ್ತ್ರದ ವಿಷಯ. ಪ್ರಕೃತ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.