ಲಕೋಟೆಯೊಳಗಿನ ಲೆಕ್ಕಾಚಾರ

ಜಪಾನಿನ ಮದುವೆಗೆ ಹೋಗುವವರು ಗೋಡೆ ಗಡಿಯಾರ ಹೊತ್ತೊಯ್ಯುವ ಪಾಡಿಲ್ಲ. ಅಲ್ಲಿ ಸಲ್ಲುವುದು ನಗದು. ಗೆಳೆಯರಾದರೆ ಸಾಮಾನ್ಯವಾಗಿ 30,000 ಯೆನ್. ನೋಟುಗಳ ಎಣಿಕೆ ಸಮವಾದರೆ ಎರಡು ಪಾಲು ಮಾಡಬಹುದು, ದಂಪತಿಗೆ ಆ ಗತಿ ಬೇಡವೆಂದು ಮೂರರಂಥ ಬೆಸಸಂಖ್ಯೆಗೇ ಮನ್ನಣೆ. ಕರ್ನಾಟಕದ ಮುಯ್ಯಿ ಈ ತಲೆನೋವನ್ನು ಒಂದೇ ರೂಪಾಯಿಯಲ್ಲಿ ಬಗೆಹರಿಸಿದೆ: 500ಕ್ಕೆ 1 ಸೇರಿಸಿದರೆ ಮುಗಿಯಿತು.

ಲಕೋಟೆಯದು ಬೇರೆಯೇ ಶಾಸ್ತ್ರ. ಮದುವೆಯ ಲಕೋಟೆಗೆ ಬಿಗಿದ ದಾರದ ಗಂಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಮದುವೆ ಪದೇ ಪದೇ ಆಗಬಾರದಲ್ಲ! ಮಗು ಹುಟ್ಟಿದ ಸಂಭ್ರಮಕ್ಕೆ ಮಾತ್ರ ಬಿಚ್ಚಿ ಮತ್ತೆ ಕಟ್ಟಬಹುದಾದ ಚಿಟ್ಟೆಗಂಟು. ಒಳಗಿನ ನೋಟುಗಳು ಗರಿಗರಿಯಾಗಿರಬೇಕು, ಅದಕ್ಕೆಂದೇ ಜನ ಬ್ಯಾಂಕಿಗೆ ಹೋಗಿ ಹೊಸ ನೋಟು ತರುತ್ತಾರೆ.

ಸಾವಿನ ಮನೆಯಲ್ಲಿ ಎಲ್ಲವೂ ತಿರುವುಮುರುವು. ಹೊಸ ನೋಟು ಕೊಟ್ಟರೆ ಸಾವನ್ನೇ ಎದುರುನೋಡುತ್ತ ಸಿದ್ಧವಾಗಿ ಕೂತಿದ್ದಂತೆ ಕಾಣುತ್ತದೆ. ಕೈಯಲ್ಲಿ ಹೊಸದೇ ಇದ್ದರೆ? ಮಡಚಿ ಗೆರೆ ಮೂಡಿಸಿ ಹಳತಾಗಿಸಿದರಾಯಿತು. ಲಕೋಟೆಯ ಮೇಲೆ ಹೆಸರು ಬರೆಯುವ ಶಾಯಿಯೂ ತೆಳು. ಕಣ್ಣೀರು ಬೆರೆತು ನೀರಾಗಿದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಇದಕ್ಕಾಗಿ ತಯಾರಾದ ತೆಳುಶಾಯಿಯ ಪೆನ್ನುಗಳು ಅಂಗಡಿಯಲ್ಲಿ ಸಿಗುವುದರಿಂದ ಅಳುವ ಶ್ರಮವೂ ಇಲ್ಲ.

ವ್ಯವಹಾರ ಅಲ್ಲಿಗೇ ನಿಲ್ಲದು. ದುಃಖದಲ್ಲಿರುವ ಮನೆಯವರು ಬಂದ ಹಣದ ಸುಮಾರು ಅರ್ಧ ಬೆಲೆಯ ಚಹಾಪುಡಿಯನ್ನೋ ಟವೆಲನ್ನೋ ಕೊಟ್ಟವರಿಗೆ ಮರಳಿ ಕಳಿಸುತ್ತಾರೆ. ಏನು ಕಳಿಸಬೇಕೆಂದು ತೋಚದವರು ಒಂದು ಕ್ಯಾಟಲಾಗನ್ನೇ ಕಳಿಸಿ, ಆರಿಸಿಕೊಳ್ಳುವ ಹೊಣೆಯನ್ನು ಅವರಿಗೇ ಬಿಡುತ್ತಾರೆ.